ಮನೆಯಿಂದಲೇ ಪ್ರವಾಸ ಸಲಹೆ: ಶುರು ಮಾಡುವುದು ಹೇಗೆ?

ಭತ್ತದ ಕೊಯ್ಲು ಮುಗಿದು ಕೈಗೆ ದುಡ್ಡು ಬಂದರೆ ಕೊಪ್ಪಳ ಜಿಲ್ಲೆಯ ಗಂಗಾವತಿ, ಕಾರಟಗಿ ಕಡೆಯ ಮನೆಗಳಲ್ಲಿ ಒಂದು ಮಾತು ಬಂದೇ ಬರುತ್ತದೆ: ‘ಈ ಸಲ ಎಲ್ಲಿಗಾದ್ರೂ ಹೋಗಿ ಬರೋಣ್ರಿ.’ ತಿರುಪತಿ, ಶ್ರೀಶೈಲ, ಕಾಶಿ. ಸ್ವಲ್ಪ ಅನುಕೂಲ ಇದ್ದವರಿಗೆ ಕೇದಾರ. ಎಲ್ಲಿಗೆ ಅನ್ನೋದು ಎಲ್ಲರಿಗೂ ಗೊತ್ತು. ರೈಲು ಎಲ್ಲಿ ಹತ್ತಬೇಕು, ಮೊಣಕಾಲು ನೋವಿನ ಅಜ್ಜಿಗೆ ಏನು ವ್ಯವಸ್ಥೆ, ಖರ್ಚು ಎಷ್ಟಾದೀತು ಎಂದು ಕೂತು ಹೇಳುವವರು ಸಿಗುವುದಿಲ್ಲ. ಖಾಸಗಿ ಶಾಲೆಯ ಪಾಠವೋ ರೈಸ್ ಮಿಲ್ಲಿನ ಲೆಕ್ಕವೋ ಸಾಕಾಗಿ ಬೇರೆ ದಾರಿ ಹುಡುಕುತ್ತಿರುವವರು ಈ ಕೆಲಸವನ್ನು ಮನೆಯಿಂದಲೇ ಮಾಡಬಹುದು. ಅಂಗಡಿ ಬೇಡ. ಫೋನ್, ಲ್ಯಾಪ್‌ಟಾಪ್, ಒಂದು ಪ್ರಿಂಟರ್ ಇದ್ದರೆ ಸಾಕು.

ಆದರೆ ಟಿಕೆಟ್ ಕಮಿಷನ್ ನಂಬಿ ಇಳಿಯಬೇಡಿ. ಟಿಕೆಟ್ ಈಗ ಎಲ್ಲರ ಫೋನಿನಲ್ಲೂ ಸಿಗುತ್ತದೆ. ನೀವು ಕೊಡುವುದು ಯೋಜನೆ. ಅದಕ್ಕೆ ಬಾಯಿಬಿಟ್ಟು ಫೀ ಕೇಳಬೇಕು.

ಮೊದಲು ಒಂದೇ ದಾರಿ

ನಮ್ಮ ಭಾಗದಲ್ಲಿ ಎರಡು ಬಗೆಯ ಗಿರಾಕಿಗಳಿದ್ದಾರೆ. ಇಲ್ಲಿಂದ ಹೊರಗೆ ಹೋಗುವವರು ಒಂದು ಕಡೆ, ಹಂಪಿ, ಆನೆಗೊಂದಿ, ಅಂಜನಾದ್ರಿಗೆ ಹೊರಗಿನಿಂದ ಬರುವವರು ಇನ್ನೊಂದು ಕಡೆ. ಮೊದಲ ವರ್ಷವೇ ಎರಡಕ್ಕೂ ಕೈ ಹಾಕಬೇಡಿ. ಊರಿನವರ ಯಾತ್ರೆಯಿಂದ ಶುರು ಮಾಡುವುದು ಸುಲಭ. ಗಿರಾಕಿ ಗುರುತಿನವರೇ ಆಗಿರುತ್ತಾರೆ, ಜಾಹೀರಾತಿನ ಖರ್ಚಿಲ್ಲ.

ಕಾಗದಪತ್ರ

ಆಧಾರ್, ಪ್ಯಾನ್ ಇದ್ದರೆ ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರದ ನೋಂದಣಿ) ಆನ್‌ಲೈನಿನಲ್ಲಿ ಉಚಿತ. ಅದಕ್ಕೆ ಸಾವಿರಗಟ್ಟಲೆ ಕೇಳುವ ಜಾಲತಾಣಗಳಿವೆ, ಹುಷಾರು. ಈ ಕೆಲಸಕ್ಕೇ ಬೇರೆ ಬ್ಯಾಂಕ್ ಖಾತೆ ತೆರೆಯಿರಿ. ಸೇವೆ ಕೊಡುವವರಿಗೆ ವರ್ಷದ ವಹಿವಾಟು 20 ಲಕ್ಷ ರೂಪಾಯಿ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಇಲ್ಲೊಂದು ಸೂಕ್ಷ್ಮ ಇದೆ. ರೂಮು, ಗಾಡಿ, ಊಟ ಎಲ್ಲ ಸೇರಿಸಿ ನಿಮ್ಮ ಹೆಸರಲ್ಲೇ ಪ್ಯಾಕೇಜ್ ಬಿಲ್ ಹಾಕಿದರೆ ಅಷ್ಟೂ ಮೊತ್ತ ನಿಮ್ಮ ವಹಿವಾಟಾಗುತ್ತದೆ. ಗಿರಾಕಿಯೇ ಲಾಡ್ಜಿಗೆ, ಗಾಡಿಯವರಿಗೆ ನೇರವಾಗಿ ದುಡ್ಡು ಕೊಟ್ಟು ನಿಮಗೆ ಫೀ ಮಾತ್ರ ಕೊಟ್ಟರೆ ಲೆಕ್ಕ ಚಿಕ್ಕದು, ತಲೆನೋವೂ ಕಡಿಮೆ. ವಿದೇಶ ಪ್ಯಾಕೇಜ್ ಮಾರುವವರು ಗಿರಾಕಿಯಿಂದ ಆದಾಯ ತೆರಿಗೆಯನ್ನೂ ಹಿಡಿದು ಕಟ್ಟಬೇಕು. ಸದ್ಯಕ್ಕೆ ಅದರ ಗೋಜು ಬೇಡ.

ರೈಲು ಟಿಕೆಟ್ ವಿಷಯದಲ್ಲಿ ಮಾತ್ರ ತಮಾಷೆ ಬೇಡ. ರೈಲು ಟಿಕೆಟ್ ಮಾರುವ ಸರ್ಕಾರಿ ಜಾಲತಾಣ ಐಆರ್‌ಸಿಟಿಸಿಯಲ್ಲಿನ ನಿಮ್ಮ ಸ್ವಂತ ಖಾತೆಯಿಂದ ಬೇರೆಯವರಿಗೆ ಟಿಕೆಟ್ ಮಾಡಿಕೊಟ್ಟು ಐವತ್ತು ರೂಪಾಯಿ ಜಾಸ್ತಿ ತೆಗೆದುಕೊಂಡರೂ ಅದು ಅಪರಾಧ. 1989ರ ರೈಲ್ವೆ ಕಾಯ್ದೆಯ 143ನೇ ಸೆಕ್ಷನ್ ಪ್ರಕಾರ 3 ವರ್ಷದವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅಧಿಕೃತ ಏಜೆಂಟ್ ಆಗಬಹುದು. ಆದರೆ 2025ರ ಜುಲೈಯಿಂದ ತತ್ಕಾಲ್ ಬುಕಿಂಗ್ ಶುರುವಾದ ಮೊದಲ ಅರ್ಧ ಗಂಟೆ ಏಜೆಂಟರಿಗೆ ಅವಕಾಶವಿಲ್ಲ. ಗಿರಾಕಿಯನ್ನೇ ಪಕ್ಕದಲ್ಲಿ ಕೂರಿಸಿಕೊಂಡು, ಅವರ ಫೋನಿನಲ್ಲಿ, ಅವರ ಖಾತೆಯಿಂದ ಅವರೇ ಬುಕ್ ಮಾಡುವಂತೆ ದಾರಿ ತೋರಿಸುವುದು ಎಲ್ಲಕ್ಕಿಂತ ನೇರ.

ಯೋಜನೆ ಬರೆಯುವುದು ಹೀಗೆ

‘ಅಕ್ಕಾರ, ಕಾಶಿಗೆ ಹೋಗಿ ಬರಾಕ ಎಷ್ಟ ಆಗ್ತದ್ರಿ?’ ಎಂದು ಫೋನ್ ಬಂದ ಕೂಡಲೇ ಮೊತ್ತ ಹೇಳಬೇಡಿ. ಮೊದಲು ನೀವು ಕೇಳಿ. ಎಷ್ಟು ಜನ? ವಯಸ್ಸೆಷ್ಟು? ಶುಗರ್, ಬಿಪಿ ಮಾತ್ರೆ ಯಾರಿಗಿದೆ? ಮೆಟ್ಟಿಲು ಹತ್ತಬಲ್ಲರಾ? ಈರುಳ್ಳಿ, ಬೆಳ್ಳುಳ್ಳಿ ಬೇಡವೆನ್ನುವವರು ಇದ್ದಾರಾ? ಯಾರು ಯಾರ ಜೊತೆ ಒಂದು ರೂಮಿನಲ್ಲಿ ಮಲಗುತ್ತಾರೆ? ಕೊನೆಯ ಪ್ರಶ್ನೆ ಕೇಳಲು ಮುಜುಗರ. ಆದರೆ ಅರ್ಧ ಜಗಳ ಅಲ್ಲಿಂದಲೇ ಹುಟ್ಟುತ್ತದೆ.

ಆಮೇಲೆ ತಾರೀಖಿನಿಂದ ಹಿಂದಕ್ಕೆ ಎಣಿಸಿ. ರೈಲು ರಿಸರ್ವೇಶನ್ ಈಗ ತೆರೆಯುವುದು 60 ದಿನ ಮೊದಲು. ತಿರುಪತಿಯ 300 ರೂಪಾಯಿ ದರ್ಶನದ ಟಿಕೆಟನ್ನು ಸುಮಾರು ಮೂರು ತಿಂಗಳು ಮೊದಲೇ ಬಿಡುತ್ತಾರೆ. ಚಾರ್‌ಧಾಮ್‌ಗೆ ಉತ್ತರಾಖಂಡ ಸರ್ಕಾರದ ನೋಂದಣಿ ಕಡ್ಡಾಯ. ಅಮರನಾಥಕ್ಕೆ ಆರೋಗ್ಯ ಪ್ರಮಾಣಪತ್ರ ಬೇಕು, 70 ದಾಟಿದವರನ್ನು ಬಿಡುವುದಿಲ್ಲ. ಕಾಶಿಗೆ ಹೋಗಿಬಂದವರಿಗೆ ನಮ್ಮ ಮುಜರಾಯಿ ಇಲಾಖೆಯ ಸಹಾಯಧನದ ಯೋಜನೆ ಇದೆ, ಅದನ್ನೂ ತಿಳಿದಿಟ್ಟುಕೊಳ್ಳಿ. ಇಂಥ ಮಾಹಿತಿಗೇ ಜನ ನಿಮ್ಮ ಹತ್ತಿರ ಬರುವುದು. ದೆಹಲಿಗೆ ಹೋಗುವವರು ಬೆಂಗಳೂರಿಗೆ ಹೋಗಬೇಕಿಲ್ಲ, ಕರ್ನಾಟಕ ಎಕ್ಸ್‌ಪ್ರೆಸ್ ರಾಯಚೂರಿನಲ್ಲೇ ನಿಲ್ಲುತ್ತದೆ ಅನ್ನುವುದೂ ಎಷ್ಟೋ ಮನೆಗಳಿಗೆ ಹೊಸ ಸುದ್ದಿ.

ಕ್ರೂಸರ್ ಅಥವಾ ಟಿಟಿ (ಟೆಂಪೋ ಟ್ರಾವೆಲರ್) ಗೊತ್ತುಮಾಡುವಾಗ ಹಳದಿ ಬೋರ್ಡ್, ಅಂದರೆ ಬಾಡಿಗೆ ಗಾಡಿಯ ನಂಬರ್ ಪ್ಲೇಟ್, ಇರುವುದನ್ನೇ ನೋಡಿ. ‘ಕಿಲೋಮೀಟರಿಗೆ ಇಷ್ಟು’ ಅನ್ನುವುದು ಪೂರ್ತಿ ಮಾತಲ್ಲ. ದಿನಕ್ಕೆ ಕನಿಷ್ಠ ಎಷ್ಟು ಕಿಲೋಮೀಟರ್ ಲೆಕ್ಕ ಹಿಡಿಯುತ್ತಾರೆ, ಡ್ರೈವರ್ ಬಾಟಾ, ಟೋಲ್, ಪಾರ್ಕಿಂಗ್, ಹೊರರಾಜ್ಯದ ಪರ್ಮಿಟ್ ಯಾರ ತಲೆಗೆ? ಎಲ್ಲವನ್ನೂ ವಾಟ್ಸ್ಆ್ಯಪ್‌ನಲ್ಲಿ ಬರೆಸಿಕೊಳ್ಳಿ. ಲಾಡ್ಜಿಗೆ ಫೋನ್ ಮಾಡಿ ಲಿಫ್ಟ್, ಕಮೋಡ್ ಇದೆಯಾ ಎಂದು ಕೇಳಿ. ಕೊನೆಗೆ ದಿನಕ್ಕೊಂದು ಹಾಳೆಯಂತೆ, ದಪ್ಪ ಕನ್ನಡ ಅಕ್ಷರದಲ್ಲಿ ಪ್ರಿಂಟ್ ಮಾಡಿ ಕೈಗೆ ಕೊಡಿ. ಫೋನಿನ ಬ್ಯಾಟರಿ ಸತ್ತಾಗ ಉಳಿಯುವುದು ಆ ಹಾಳೆಯೇ.

ಫೀ

ಮೊದಲ ಗಿರಾಕಿಗಳು ನೆಂಟರೇ. ‘ನಮ್ಮವರ ಹತ್ರ ಹೆಂಗ ತಗೊಳ್ಳೋದು’ ಅನಿಸುತ್ತದೆ, ಅಲ್ವಾ? ಕಡಿಮೆ ತೆಗೆದುಕೊಳ್ಳಿ, ಆದರೆ ತೆಗೆದುಕೊಳ್ಳಿ. ಸೋದರಮಾವನಿಗೆ ಬಿಟ್ಟಿ ಮಾಡಿದ ಸುದ್ದಿ ಇಡೀ ಓಣಿಗೆ ಮುಟ್ಟುತ್ತದೆ. ಒಂದು ಕುಟುಂಬದ ಎರಡು-ಮೂರು ದಿನದ ಯೋಜನೆಗೆ ಸಾವಿರ ರೂಪಾಯಿ ಶುರುವಿಗೆ ಸಾಕು ಅನ್ನುವುದು ನನ್ನ ಲೆಕ್ಕ. ‘ಸುಮ್ನೆ ಒಂದು ಮಾತು ಕೇಳ್ಬೇಕಿತ್ತು’ ಎಂದು ಶುರುವಾಗುವ ಫೋನ್ ಮುಕ್ಕಾಲು ಗಂಟೆ ನಡೆಯುತ್ತದೆ. ಹತ್ತು ನಿಮಿಷ ಉಚಿತ, ಆಮೇಲೆ ಫೀ ಎಂದು ನಗುತ್ತಲೇ ಹೇಳಿಬಿಡಿ. ಯಾತ್ರೆ ರದ್ದಾದರೆ ನಿಮ್ಮ ಫೀ ವಾಪಸ್ ಇದೆಯೋ ಇಲ್ಲವೋ ಎಂಬುದು ರಸೀದಿಯಲ್ಲೇ ಇರಲಿ.

ಈಗಿನ ಕೆಲಸ ಬಿಡುವುದು ಯಾವಾಗ?

ಒಂದು ವರ್ಷ ಪೂರ್ತಿ ನೋಡಿ. ಕೊಯ್ಲಿನ ನಂತರದ ಚಳಿಗಾಲ, ಬೇಸಿಗೆ ರಜೆ ಎರಡೂ ಬಿಡುವಿಲ್ಲದ ಕಾಲ. ಮಳೆಗಾಲದಲ್ಲಿ ನಾಟಿ ಶುರುವಾದರೆ ಫೋನ್ ಬರುವುದು ಕಡಿಮೆ. ತುಂಗಭದ್ರಾ ಎಡದಂಡೆ ಕಾಲುವೆಗೆ ಎರಡನೇ ಬೆಳೆಯ ನೀರು ಬಿಡದ ವರ್ಷವಂತೂ ಕೈ ಬಿಗಿ. ಆ ಹೊತ್ತಿಗೆ ಎರಡನೇ ದಾರಿ ತಯಾರಿರಬೇಕು. ಹಂಪಿ ನೋಡಲು ಬಂದವರನ್ನು ಇನ್ನೊಂದು ದಿನ ನಿಲ್ಲಿಸಿ ಕನಕಗಿರಿಗೆ, 1112ರಲ್ಲಿ ಕಟ್ಟಿದ ಇಟಗಿಯ ಮಹಾದೇವ ಗುಡಿಗೆ ಕಳಿಸುವ ಯೋಜನೆ ಬರೆದಿಡಿ. ನೋಂದಾಯಿತ ಹೋಂಸ್ಟೇ, ಗುರುತಿನ ಚೀಟಿ ಇರುವ ಗೈಡ್‌ಗಳ ಪಟ್ಟಿ ನಿಮ್ಮಲ್ಲಿರಲಿ. ತುಂಗಭದ್ರಾ ಜಲಾಶಯದಿಂದ ಜಾಸ್ತಿ ನೀರು ಬಿಟ್ಟ ದಿನ ಹಂಪಿಯಿಂದ ಆನೆಗೊಂದಿ ಕಡೆಗೆ ಹೊಳೆ ದಾಟುವ ದೋಣಿ, ಹರಿಗೋಲು ನಿಲ್ಲುತ್ತವೆ. ಆಗ ಕಡೇಬಾಗಿಲು ಸೇತುವೆ ಮೇಲೆ ಸುತ್ತಿ ಬನ್ನಿ ಎಂದು ಹಂಪಿಯಲ್ಲಿರುವ ಗಿರಾಕಿಗೆ ಬೆಳಿಗ್ಗೆಯೇ ಫೋನ್ ಮಾಡಿ ಹೇಳುವುದು ನಿಮ್ಮ ಕೆಲಸ.