ಸಿ ಭಾಷೆಯಲ್ಲಿ ಸ್ಟ್ರಿಂಗ್‌ನಿಂದ ಅನ್‌ಸೈನ್ಡ್ ಸಂಖ್ಯೆ: ನಾನು ಮಾಡಿಕೊಂಡ ದಾರಿ

ಕಾನ್ಫಿಗ್ ಫೈಲ್ ಓದುವ ಒಂದು ಪ್ರೋಗ್ರಾಂ ಬರೆಯುತ್ತಿದ್ದೆ. ಬಫರ್ ಗಾತ್ರ, ಪೋರ್ಟ್, ಟೈಮ್‌ಔಟ್ ಎಲ್ಲವೂ ಕೈಗೆ ಬರುವುದು ಸ್ಟ್ರಿಂಗ್ ಆಗಿ, ಅಂದರೆ ಅಕ್ಷರಗಳ ಸಾಲಾಗಿ. ನನಗೆ ಬೇಕಾದದ್ದು ಅನ್‌ಸೈನ್ಡ್ ಇಂಟ್, ಅಂದರೆ ಮೈನಸ್ ಆಗದ ಪೂರ್ಣಾಂಕ. ಕೊಟ್ಟದ್ದು ಸರಿಯಾದ ಸಂಖ್ಯೆಯಾಗಿದ್ದರೆ ಇದು ಒಂದೇ ಸಾಲಿನ ಕೆಲಸ. ಮಿಕ್ಕ ಕೋಡ್ ಎಲ್ಲ ಬೇಡದ್ದನ್ನು ಒಳಗೆ ಬಿಡದಿರಲಿಕ್ಕೆ.

ಸ್ಟ್ರಿಂಗ್ ಅನ್ನು ಸಂಖ್ಯೆ ಮಾಡಿಕೊಡುವ ಎಟುಐ (atoi) ಫಂಕ್ಷನ್ ಅನ್ನು ಪರಿಗಣಿಸಲೇ ಇಲ್ಲ. ಅದಕ್ಕೆ "0" ಕೊಟ್ಟರೂ ಸೊನ್ನೆ, ಬರೀ ಅಕ್ಷರಗಳನ್ನು ಕೊಟ್ಟರೂ ಸೊನ್ನೆ. ಮಿತಿ ಮೀರಿದ ಸಂಖ್ಯೆ ಕೊಟ್ಟರಂತೂ ಏನಾಗಬೇಕೆಂದು ಸ್ಟ್ಯಾಂಡರ್ಡ್ ಹೇಳುವುದೇ ಇಲ್ಲ. ಸ್ಟ್ರಿಂಗ್‌ನಿಂದ ಬೆಲೆಗಳನ್ನು ಓದುವ ಎಸ್‌ಸ್ಕ್ಯಾನ್‌ಎಫ್ (sscanf) ಫಂಕ್ಷನ್‌ನದೂ ಓವರ್‌ಫ್ಲೋ, ಅಂದರೆ ಮಿತಿ ಮೀರುವ ವಿಷಯದಲ್ಲಿ ಇದೇ ಹಣೆಬರಹ. ಉಳಿದದ್ದು ಸ್ಟ್ರ್‌ಟುಯುಎಲ್ (strtoul), ಸ್ಟ್ರಿಂಗ್ ಅನ್ನು ಅನ್‌ಸೈನ್ಡ್ ಲಾಂಗ್ ಮಾಡುವ ಫಂಕ್ಷನ್. 1989ರ ಸ್ಟ್ಯಾಂಡರ್ಡ್‌ನಿಂದ ಇದೆ, ಎಲ್ಲ ಕಂಪೈಲರ್‌ಗಳಲ್ಲೂ ಸಿಗುತ್ತದೆ.

ಇದನ್ನು ಬಳಸುವ ಕ್ರಮ ಗೊತ್ತಿರುವುದೇ. ಕರೆಯುವ ಮುಂಚೆ ಎರ್‌ನೋವನ್ನು (errno, ಮಿತಿ ಮೀರಿದಂಥ ಎರರ್‌ನ ಸಂಖ್ಯೆಯನ್ನು ಲೈಬ್ರರಿ ಬರೆದಿಡುವ ಜಾಗ) ಸೊನ್ನೆ ಮಾಡಬೇಕು, ಯಾಕೆಂದರೆ ಲೈಬ್ರರಿ ತಾನಾಗಿ ಅದನ್ನು ಯಾವತ್ತೂ ಸೊನ್ನೆ ಮಾಡುವುದಿಲ್ಲ. ಹಿಂದಿನ ಯಾವುದೋ ಕರೆಯ ಎರರ್ ಹಾಗೇ ಕೂತಿರಬಹುದು. ಎರಡನೇ ಆರ್ಗ್ಯುಮೆಂಟ್ ಆಗಿ ಕೊಟ್ಟ ಎಂಡ್ ಪಾಯಿಂಟರ್ ಓದು ಎಲ್ಲಿ ನಿಂತಿತು ಅಂತ ತೋರಿಸುತ್ತದೆ. ಶುರುವಿನಲ್ಲೇ ನಿಂತಿದ್ದರೆ ಒಂದು ಅಂಕಿಯೂ ಸಿಕ್ಕಿಲ್ಲ. ಸ್ಟ್ರಿಂಗ್‌ನ ಕೊನೆಯ ನಲ್ ಅಕ್ಷರದ ಮೇಲಿಲ್ಲದಿದ್ದರೆ ಹಿಂದೆ ಕಸ ಉಳಿದಿದೆ, "80,90" ಇದ್ದಹಾಗೆ.

ಅಸಲಿ ತಲೆನೋವು ಮೈನಸ್ ಚಿಹ್ನೆ. ಹೆಸರಲ್ಲೇ ಅನ್‌ಸೈನ್ಡ್ ಇರುವ ಫಂಕ್ಷನ್ "-1" ನೋಡಿದರೆ ತಿರಸ್ಕರಿಸುತ್ತದೆ ಅಂದುಕೊಳ್ಳುವುದು ಸಹಜ. ಇಲ್ಲ, ಒಪ್ಪಿಕೊಳ್ಳುತ್ತದೆ. ಅಂಕಿಗಳನ್ನು ಓದಿ, ಆಮೇಲೆ ಅನ್‌ಸೈನ್ಡ್ ಲಾಂಗ್‌ನಲ್ಲೇ ಅದನ್ನು ಋಣಾತ್ಮಕ ಮಾಡುತ್ತದೆ. 64 ಬಿಟ್ ಲಿನಕ್ಸ್‌ನಲ್ಲಿ ಕೈಗೆ ಬರುವುದು 18446744073709551615. ಎರ್‌ನೋ ಸೊನ್ನೆಯಾಗಿಯೇ ಇರುತ್ತದೆ, ಎಂಡ್ ಪಾಯಿಂಟರ್ ಕೊನೆಯಲ್ಲೇ ಇರುತ್ತದೆ. ಇದು ಬಗ್ ಅಲ್ಲ, ಸ್ಟ್ಯಾಂಡರ್ಡ್ ಹೇಳಿರುವುದೇ ಹೀಗೆ.

ಅನ್‌ಸೈನ್ಡ್ ಇಂಟ್‌ನ ಗರಿಷ್ಠ ಬೆಲೆಗೆ (32 ಬಿಟ್‌ನಲ್ಲಿ 4294967295) ಹೋಲಿಸಿದರೆ ಸಿಕ್ಕಿಬೀಳುತ್ತದಲ್ಲ ಅನ್ನಬಹುದು. ಲಿನಕ್ಸ್‌ನಲ್ಲಿ ಸಿಕ್ಕಿಬೀಳುತ್ತದೆ, ನಿಜ. ವಿಂಡೋಸ್‌ನಲ್ಲಿ ಲಾಂಗ್ ಇರುವುದೇ 32 ಬಿಟ್. ಅಲ್ಲಿ "-1" ಸರಿಯಾಗಿ 4294967295 ಆಗಿ ಹೋಲಿಕೆಯನ್ನು ದಾಟಿ ಒಳಗೆ ಬರುತ್ತದೆ. ಲಿನಕ್ಸ್‌ನಲ್ಲೂ ಪೂರ್ತಿ ಭದ್ರವಲ್ಲ. "-18446744073709551615" ಕೊಟ್ಟು ನೋಡಿ: ಉತ್ತರ 1, ಯಾವ ದೂರೂ ಇಲ್ಲ. ಅಂಥದ್ದನ್ನು ಯಾರು ಟೈಪ್ ಮಾಡುತ್ತಾರೆ ಎಂದರೆ, ಫಜರ್ (ಅಡ್ಡಾದಿಡ್ಡಿ ಇನ್‌ಪುಟ್ ಕೊಟ್ಟು ಪ್ರೋಗ್ರಾಂ ಪರೀಕ್ಷಿಸುವ ಸಾಧನ) ಮಾಡುತ್ತದೆ.

ಇದಕ್ಕೆ ನಾನು ಹಾಕಿದ್ದು ಒಂದೇ ಷರತ್ತು. ಸ್ಟ್ರ್‌ಟುಯುಎಲ್ ಕರೆಯುವ ಮೊದಲು ಸ್ಟ್ರಿಂಗ್‌ನ ಮೊದಲ ಅಕ್ಷರ '0'ರಿಂದ '9'ರ ಒಳಗಿದೆಯೇ ನೋಡುತ್ತೇನೆ. ಇಲ್ಲದಿದ್ದರೆ ಅಲ್ಲೇ ವಾಪಸ್. ಮೈನಸ್, ಪ್ಲಸ್, ಮುಂದಿನ ಖಾಲಿ ಜಾಗ, ಖಾಲಿ ಸ್ಟ್ರಿಂಗ್ ನಾಲ್ಕೂ ಒಟ್ಟಿಗೆ ಹೋದವು. ಹತ್ತು ಅಂಕಿಗಳು ಸಾಲಾಗಿ ಇರುತ್ತವೆ ಅಂತ ಸ್ಟ್ಯಾಂಡರ್ಡ್ ಮಾತು ಕೊಟ್ಟಿರುವುದರಿಂದ ನೇರ ಹೋಲಿಕೆ ಸಾಕು, ಅಂಕಿಯೇ ಎಂದು ನೋಡುವ ಈಸ್‌ಡಿಜಿಟ್ (isdigit) ಫಂಕ್ಷನ್ ಬೇಕಾಗಿಲ್ಲ. ಆಮೇಲೆ ಎರ್‌ನೋ, ಎಂಡ್ ಪಾಯಿಂಟರ್, ಗರಿಷ್ಠ ಬೆಲೆ. ಮೂರನೆಯದನ್ನು ಬಿಟ್ಟರೆ 64 ಬಿಟ್ ಲಾಂಗ್‌ನಲ್ಲಿ 4294967297 ಸುಮ್ಮನೆ 1 ಆಗಿಬಿಡುತ್ತದೆ.

ಸ್ಟ್ರ್‌ಟುಯುಎಲ್‌ನ ಮೂರನೇ ಆರ್ಗ್ಯುಮೆಂಟ್ ಬೇಸ್, ಅಂದರೆ ಎಷ್ಟರ ಪದ್ಧತಿಯಲ್ಲಿ ಓದಬೇಕು ಅನ್ನುವುದು, ಯಾವಾಗಲೂ 10. ಸೊನ್ನೆ ಕೊಟ್ಟರೆ ಹೆಕ್ಸ್ (16ರ ಪದ್ಧತಿ) ಕೂಡ ಓದಬಹುದು ಅನ್ನುವ ಆಸೆ ಇರುತ್ತದೆ, ಆದರೆ ಆಗ "010" ಎಂಟಾಗುತ್ತದೆ. ಸಂಖ್ಯೆಗಳನ್ನು ಚೆಂದವಾಗಿ ಜೋಡಿಸಲು ಮುಂದೆ ಸೊನ್ನೆ ಹಾಕುವವರು ಆಕ್ಟಲ್ (8ರ ಪದ್ಧತಿ) ಅನ್ನು ನೆನೆದು ಹಾಕುವುದಿಲ್ಲ.

ಫಂಕ್ಷನ್ ಹಿಂದಿರುಗಿಸುವುದು ಬರೀ ಆಯಿತು ಅಥವಾ ಆಗಲಿಲ್ಲ. ಬೆಲೆ ಪಾಯಿಂಟರ್ ಮೂಲಕ, ಅದೂ ಎಲ್ಲ ಪರೀಕ್ಷೆ ದಾಟಿದ ಮೇಲೆ ಮಾತ್ರ. ಹೀಗಾಗಿ ಕರೆದವರ ಡೀಫಾಲ್ಟ್ ಬೆಲೆ ಕೆಡುವುದಿಲ್ಲ.

ಆಮೇಲೆ ಇದೇ ಕೆಲಸ ಲೈಬ್ರರಿಯೇ ಇಲ್ಲದ ಒಂದು ಮೈಕ್ರೋಕಂಟ್ರೋಲರ್‌ಗೂ ಬೇಕಾಯಿತು. ಹತ್ತರಿಂದ ಗುಣಿಸಿ ಅಂಕಿ ಕೂಡಿಸುವ ಲೂಪ್ ಬರೆದೆ. ಇಲ್ಲಿ ಹಲವರು ಓವರ್‌ಫ್ಲೋ ಹಿಡಿಯುವುದು ಹೊಸ ಬೆಲೆ ಹಳೆಯದಕ್ಕಿಂತ ಚಿಕ್ಕದಾಯಿತೇ ಎಂದು ನೋಡಿ. ಕೂಡಿಸುವಾಗ ಅದು ನಡೆಯುತ್ತದೆ, ಗುಣಿಸುವಾಗ ನಡೆಯುವುದಿಲ್ಲ. 5000000000 ತೆಗೆದುಕೊಳ್ಳಿ. ಕೊನೆಯ ಸೊನ್ನೆಗೆ ಮುಂಚೆ ಬೆಲೆ 500000000. ಹತ್ತರಿಂದ ಗುಣಿಸಿದರೆ 32 ಬಿಟ್‌ನಲ್ಲಿ 705032704 ಉಳಿಯುತ್ತದೆ. ಹಳೆಯದಕ್ಕಿಂತ ದೊಡ್ಡದೇ, ಪರೀಕ್ಷೆ ಪಾಸ್! ಅದಕ್ಕೆ ಗುಣಿಸುವ ಮೊದಲೇ ಕೇಳಬೇಕು: ಗರಿಷ್ಠ ಬೆಲೆಯಿಂದ ಅಂಕಿಯನ್ನು ಕಳೆದು ಹತ್ತರಿಂದ ಭಾಗಿಸಿದರೆ ಬರುವುದಕ್ಕಿಂತ ಈಗಿನ ಬೆಲೆ ಹೆಚ್ಚಿದೆಯೇ? ಹೆಚ್ಚಿದ್ದರೆ ನಿಲ್ಲಿಸು. 4294967295 ಒಳಗೆ ಬರುತ್ತದೆ, 4294967296 ಬರುವುದಿಲ್ಲ. ಭಾಗಾಕಾರ ದುಬಾರಿಯಾದ ಚಿಪ್ ಆದರೆ ಗರಿಷ್ಠ ಬೆಲೆಯನ್ನು ಹತ್ತರಿಂದ ಭಾಗಿಸಿದರೆ ಬರುವ 429496729 ಮತ್ತು ಶೇಷ 5 ಎರಡನ್ನೂ ಸ್ಥಿರಾಂಕಗಳಾಗಿ ಇಟ್ಟು ಹೋಲಿಸಿದರಾಯಿತು. ನಾನು ಹಾಗೇ ಮಾಡಿದೆ.