ನಲವತ್ತು ದಾಟಿದ್ಮೇಲೆ ಡ್ರಮ್ಸ್ ಕಲ್ತಿದ್ದು: ಮೊದ್ಲು ಬಾಯಿ, ಆಮೇಲೆ ಕೈ ಕಾಲು

ಡ್ರಮ್ಸ್ ಕಲಿಯೋಕೆ ಏನ್ ಬೇಕು ಅಂತ ಈಗೀಗ ತುಂಬಾ ಜನ ನನ್ನ ಕೇಳ್ತಾರೆ, ಅದ್ರಲ್ಲೂ ನನ್ ವಯಸ್ಸಿನ ಹೆಂಗಸರು. ಕೈ ಫಾಸ್ಟ್ ಇರ್ಬೇಕಾ, ತೋಳಲ್ಲಿ ಶಕ್ತಿ ಬೇಕಾ, ಚಿಕ್ಕೋರಿದ್ದಾಗ್ಲೇ ಶುರು ಮಾಡಿರ್ಬೇಕಾ, ಇವೇ ಪ್ರಶ್ನೆಗಳು. ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಮೊದ್ಲು ಬೇಕಾಗಿದ್ದು ಬಾಯಿ. ಯಾವ ಲಯಾನ ನಾನು ತಡವರಿಸದೆ ಬಾಯಲ್ಲಿ ಹೇಳ್ತೀನೋ ಅದು ಇವತ್ತಲ್ಲ ನಾಳೆ ಕೈಗೆ ಬಂದೇ ಬರುತ್ತೆ, ಬಾಯಲ್ಲೇ ಬರದೇ ಇರೋದು ಎಷ್ಟು ಬಾರಿಸಿದ್ರೂ ಬರಲ್ಲ. ಇದನ್ನ ನಾನು ಯಾವ ವಿಡಿಯೋ ನೋಡಿನೂ ಕಲೀಲಿಲ್ಲ, ನಮ್ಮ ಸರ್ ಹೇಳ್ಕೊಟ್ರು, ಅದಕ್ಕೂ ಮುಂಚೆ ನಮ್ಮನೇಲೇ ಇತ್ತು.

ನಮ್ಮಣ್ಣನ್ನ ಚಿಕ್ಕೋನಿದ್ದಾಗ ಮೃದಂಗಕ್ಕೆ ಹಾಕಿದ್ರು. ಮೈಸೂರಲ್ಲಿ ಆವಾಗ ಹುಡುಗೀರು ಅಂದ್ರೆ ಹಾಡು ಇಲ್ಲ ವೀಣೆ, ಹಾಗಾಗಿ ನಾನು ಹಾಡಿನ ಕ್ಲಾಸಿಗೆ. ಆದ್ರೆ ಅವ್ನು ದಿನಾ ಬೆಳಗ್ಗೆ ಮೃದಂಗದ ಎಡಗಡೆ ಮುಖಕ್ಕೆ, ಅಂದ್ರೆ ತೊಪ್ಪಿಗೆ, ರವೆ ಕಲಸಿ ಹಚ್ಚಿ, ತ ಧಿ ತೊಂ ನಂ ಅಂತ ಕೂತ್ರೆ ನಾನು ಪಕ್ಕದಲ್ಲೇ ಜಡೆ ಹೆಣಿಸ್ಕೊಳ್ತಾ ಕೇಳಿಸ್ಕೊಳ್ತಿದ್ದೆ, ತಕಧಿಮಿ, ತಕಿಟ, ತದಿಗಿಣತೊಂ ಎಲ್ಲಾ ನಾಲಿಗೆ ಮೇಲೆ ಹಾಗೇ ಕೂತ್ಬಿಡ್ತು. ಇನ್ನೊಂದು ಕಡೆ ಗಣೇಶನ ಹಬ್ಬ, ರಾಜ್ಯೋತ್ಸವ ಬಂತು ಅಂದ್ರೆ ಬೀದಿ ಬೀದೀಲೂ ಆರ್ಕೆಸ್ಟ್ರಾ. ಎಲ್ರೂ ಹಾಡೋರನ್ನ ನೋಡ್ತಿದ್ರೆ ನಾನು ಸ್ಟೇಜ್ ಹಿಂದ್ಗಡೆ ಡ್ರಮ್ಸ್ ಮಧ್ಯೆ ಕೂತಿರೋ ಆ ಮನುಷ್ಯನ ಕಾಲು ನೋಡ್ತಿದ್ದೆ. ಕೈ ಏನ್ ಮಾಡ್ತಿದೆ ಅಂತ ಯಾರಿಗಾದ್ರೂ ಗೊತ್ತಾಗುತ್ತೆ, ಕಾಲು ಅದೇ ಹೊತ್ತಿಗೆ ಬೇರೆ ಏನೋ ಮಾಡ್ತಿರುತ್ತಲ್ಲ, ಅದು ಹೇಗೆ ಅನ್ನೋದು ನನ್ನ ತಲೇಲಿ ವರ್ಷಗಟ್ಟಲೆ ಇತ್ತು. ಮದುವೆ, ಕೆಲಸ, ಮಗಳು ಅಂತ ಎಲ್ಲಾ ಆಗಿ, ಮಗಳು ಹೈಸ್ಕೂಲಿಗೆ ಬಂದ್ಮೇಲೆ, ಇನ್ನು ಕಾಯೋದು ಬೇಡ ಅಂತ ಹೋಗಿ ಸೇರ್ಕೊಂಡೆ.

ನಮ್ಮ ಸರ್ ಆರ್ಕೆಸ್ಟ್ರಾದಲ್ಲೇ ನುಡಿಸ್ಕೊಂಡು ಬಂದೋರು, ಹಳೇ ಕಾಲದೋರು, ಈಗ ಮನೆ ಮಹಡಿ ಮೇಲೆ ಒಂದು ರೂಮಲ್ಲಿ ಕಿಟ್ ಇಟ್ಕೊಂಡು ಹೇಳ್ಕೊಡ್ತಾರೆ. ಮೊದಲನೇ ದಿನ ನಾನು ಸ್ಟಿಕ್ ಎಲ್ಲಿ ಅಂತ ನೋಡ್ತಿದ್ರೆ ಅವ್ರು ಒಂದು ಪ್ಲಾಸ್ಟಿಕ್ ಕುರ್ಚಿ ಕೊಟ್ಟು, "ಸ್ಟಿಕ್ ಇರ್ಲಿ ಬಿಡಿ ಮೇಡಂ, ಮೊದ್ಲು ಬಾಯಲ್ಲಿ ಹೇಳಿ, ತಾಳ ಹಾಕ್ಕೊಂಡು ಹೇಳಿ" ಅಂದ್ರು. ತಕಧಿಮಿ ತಕಜೊಣು. ಎಂಟು ಅಕ್ಷರ. ಹೇಳಿದೆ. "ಈಗ ಎಷ್ಟು ನಿಧಾನ ಹೇಳ್ಬೋದೋ ಅಷ್ಟು ನಿಧಾನ ಹೇಳಿ" ಅಂದ್ರು. ಅಲ್ಲೇ ಎಲ್ಲಾ ಇರೋದು ಅಂತ ಆಮೇಲೆ ಅರ್ಥ ಆಯ್ತು.

ಯಾಕಂದ್ರೆ ಡ್ರಮ್ಸಲ್ಲಿ ಎಲ್ರೂ ಮೊದ್ಲು ಕಲಿಯೋ ಬೀಟ್ ಈ ಎಂಟು ಅಕ್ಷರದಲ್ಲೇ ಕೂರುತ್ತೆ. ಬಲಗೈ ಹೈಹ್ಯಾಟ್ (ಒಂದರ ಮೇಲೊಂದು ಕೂರೋ ಜೋಡಿ ತಟ್ಟೆ) ಮೇಲೆ ಎಂಟಕ್ಕೆ ಎಂಟೂ ಬಾರಿಸುತ್ತೆ. ಎರಡು "ತ" ಬರುತ್ತಲ್ಲ, ಅಲ್ಲಿ ಬಲಗಾಲು ನೆಲದ ಮೇಲಿರೋ ದೊಡ್ಡ ಬೇಸ್ ಡ್ರಮ್ಮಿನ ಪೆಡಲ್ ಒತ್ತುತ್ತೆ. "ಧಿ"ಗೂ "ಜೊ"ಗೂ ಎಡಗೈ ಸ್ನೇರ್ ಮೇಲೆ, ಅಂದ್ರೆ ಮುಂದಿರೋ ಚಿಕ್ಕ ಡ್ರಮ್ ಮೇಲೆ. ಅಷ್ಟೇ, ನಾವು ಕೇಳೋ ಸಿನಿಮಾ ಹಾಡುಗಳಲ್ಲಿ, ರಾಕ್ ಹಾಡುಗಳಲ್ಲಿ ಎಷ್ಟೋ ಹಾಡಿನ ಬುನಾದಿ ಇದೇ. ಬಾಯಲ್ಲಿ ಹೇಳ್ತಾ ಬಾರಿಸಿದ್ರೆ ಯಾವ ಅಕ್ಷರಕ್ಕೆ ಯಾರ ಕೆಲಸ ಅನ್ನೋದು ಸ್ಪಷ್ಟ ಇರುತ್ತೆ, ಒಂದು ಎರಡು ಮೂರು ಅಂತ ಎಣಿಸ್ಕೊಂಡು ಕೂರೋದು ಬೇಡ. ಇದು ಸರಾಗ ಆದ್ಮೇಲೆ ಸರ್ ಒಂದೇ ಒಂದು ಬದಲಾವಣೆ ಕೊಟ್ರು, "‘ಮಿ’ಗೂ ಕಾಲು ಹಾಕಿ" ಅಂತ. ಒಂದು ಏಟು ಜಾಸ್ತಿ ಆಯ್ತು ಅಷ್ಟೇ, ಆದ್ರೆ ಇಡೀ ಬೀಟ್ ಎದ್ದು ನಡೆಯೋಕೆ ಶುರು ಮಾಡ್ತು! ಅವತ್ತು ಮನೆಗೆ ಬರ್ತಾ ಸ್ಕೂಟರಲ್ಲಿ ದಾರಿಯುದ್ದಕ್ಕೂ ಜೋರಾಗಿ ಹೇಳ್ಕೊಂಡೇ ಬಂದೆ.

ಚಿಕ್ಕಂದಿನಲ್ಲಿ ನಾನು ನೋಡ್ತಿದ್ದ ಆ ಕಾಲಿನ ಗುಟ್ಟೂ ಇಲ್ಲೇ ಸಿಕ್ತು. ಕಾಲು ಬೇರೆ, ಕೈ ಬೇರೆ ಅಂತ ನಾಲ್ಕು ಜನರನ್ನ ಒಟ್ಟಿಗೆ ಸಂಭಾಳಿಸೋದಲ್ಲ ಅದು, ಹರೀತಿರೋದು ಒಂದೇ ಸಾಲು, ಅದ್ರಲ್ಲಿ ಅವರವರ ಅಕ್ಷರಕ್ಕೆ ಅವರವರು ಬರ್ತಾರೆ. ಅಂದಹಾಗೆ ಕಾಲಿಗೆ ಈ ಕೆಲಸ ಬಂದಿದ್ದೇ ಇತ್ತೀಚೆಗೆ. ಮುಂಚೆ ಅಮೆರಿಕದಲ್ಲಿ ಒಬ್ರೇ ಬೇಸ್ ಡ್ರಮ್ಮೂ ಸ್ನೇರೂ ಎರಡನ್ನೂ ಕೈಯಲ್ಲೇ ಬಾರಿಸ್ತಿದ್ರಂತೆ, 1909ರಲ್ಲಿ ಶಿಕಾಗೊದ ವಿಲಿಯಂ ಲುಡ್ವಿಗ್ ವೇಗಕ್ಕೆ ಸಿಗೋ ಅಂಥ ಪೆಡಲ್ ಮಾಡಿ ಪೇಟೆಂಟ್ ತಗೊಂಡ್ಮೇಲೆ ಕಾಲು ಸರಿಯಾಗಿ ಆಟಕ್ಕೆ ಬಂತು. ಹೈಹ್ಯಾಟ್ ಈ ರೂಪಕ್ಕೆ ಬಂದಿದ್ದು 1920ರ ದಶಕದಲ್ಲಿ. ಪ್ಲಾಸ್ಟಿಕ್ ಹೊದಿಕೆ ಚೆನ್ನಾಗಿ ಬಳಕೆಗೆ ಬಂದಿದ್ದು 1957ರ ಆಸುಪಾಸು, ಅಲ್ಲೀವರೆಗೂ ಕರುವಿನ ಚರ್ಮ, ಮಳೆಗಾಲದಲ್ಲಿ ಸಡಿಲ ಆಗ್ತಿತ್ತು. ಮೃದಂಗದೋರಿಗೆ ಆ ಕಷ್ಟ ಹೇಳ್ಕೊಡ್ಬೇಕಾಗಿಲ್ಲ.

ಕೈ ವಿಷಯಕ್ಕೆ ಬರ್ತೀನಿ. ಮನೇಲಿ ನಂಗೆ ಮೊದಲ ಹಲವು ತಿಂಗಳು ಇದ್ದಿದ್ದು ಒಂದು ರಬ್ಬರ್ ಪ್ರಾಕ್ಟೀಸ್ ಪ್ಯಾಡು, ಒಂದು ಜೊತೆ 5ಎ ಅನ್ನೋ ಗಾತ್ರದ ಸ್ಟಿಕ್ಕು, ಫೋನಲ್ಲಿ ಉಚಿತದ ಮೆಟ್ರೊನೋಮ್ ಆಪ್, ಒಂದೇ ವೇಗಕ್ಕೆ ಟಿಕ್ ಟಿಕ್ ಅನ್ನೋದು. ಇಷ್ಟು ಸಾಕು, ನಿಜವಾಗ್ಲೂ ಸಾಕು. ಸ್ಟಿಕ್ಕನ್ನ ಹಿಂಬದಿಯಿಂದ ಸುಮಾರು ಮೂರನೇ ಒಂದು ಭಾಗದಲ್ಲಿ ಹೆಬ್ಬೆರಳು ತೋರುಬೆರಳಿನ ಮಧ್ಯೆ ಹಿಡ್ಕೊಂಡು ಮಿಕ್ಕ ಬೆರಳು ಸಡಿಲ ಬಿಡ್ಬೇಕು, ಒಂದು ಸಲ ಹೊಡೆದ್ರೆ ಅದು ತಾನಾಗೇ ಪುಟಿದು ಮೇಲೆ ಬರ್ಬೇಕು. ಆ ಪುಟಿತ ಕೈಗೆ ಸಿಕ್ಕಿದ ದಿನ ಶಕ್ತಿ ಗಿಕ್ತಿ ಪ್ರಶ್ನೆನೇ ಹೋಗ್ಬಿಡುತ್ತೆ, ಅರ್ಧ ಕೆಲಸ ಸ್ಟಿಕ್ಕೇ ಮಾಡುತ್ತೆ. ಆಮೇಲೆ ಸಿಂಗಲ್ಸ್ (ಕೈಗೆ ಒಂದೊಂದು ಏಟು), ಡಬಲ್ಸ್ (ಕೈಗೆ ಎರಡೆರಡು), ಪ್ಯಾರಡಿಡಲ್. ಪ್ಯಾರಡಿಡಲ್ ಅಂದ್ರೆ ಬಲ ಎಡ ಬಲ ಬಲ, ಎಡ ಬಲ ಎಡ ಎಡ. ಇದಕ್ಕೂ ಅದೇ ತಕಧಿಮಿ ತಕಜೊಣು ಹೇಳ್ಕೊಳ್ಳಿ, "ತ" ಬಂದಾಗೆಲ್ಲಾ ಶುರು ಮಾಡೋ ಕೈ ಬದಲಾಗುತ್ತೆ, ತಪ್ಪೋಕೆ ಜಾಗನೇ ಇರಲ್ಲ. ಇಂಥ ರೂಡಿಮೆಂಟ್ಸ್, ಅಂದ್ರೆ ಕೈಯ ಮೂಲ ಪಾಠಗಳು, 40 ಅಂತ ಪಟ್ಟಿ ಇದೆ, ಬಹುಪಾಲು ಸೈನ್ಯದ ಡ್ರಮ್ಮಿಂದ ಬಂದಿರೋದು. ನಮ್ಮೂರ ದಸರಾದಲ್ಲಿ ಪೊಲೀಸ್ ಬ್ಯಾಂಡ್ ಬಂದಾಗ ಈಗ ನಾನು ಆ ಸ್ನೇರ್ ನುಡಿಸೋರ ಮಣಿಕಟ್ಟು ನೋಡ್ಕೊಂಡು ನಿಂತ್ಬಿಡ್ತೀನಿ, ಜೊತೇಲಿ ಬಂದೋರು ಮುಂದೆ ಹೋಗಿರ್ತಾರೆ.

ಮೆಟ್ರೊನೋಮ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ಬೇಕು, ಯಾಕಂದ್ರೆ ನಂಗೆ ಸಿಕ್ಕ ದೊಡ್ಡ ಖುಷಿ ಅಲ್ಲೇ ಇದೆ. ನಿಮಿಷಕ್ಕೆ 120 ಟಿಕ್ ಅಂತ ಇಟ್ಟು ಬಾರಿಸೋದು ಸುಲಭ, ಒಂದು ಏಟು ಇನ್ನೊಂದನ್ನ ತಳ್ಕೊಂಡು ಹೋಗುತ್ತೆ. 60ಕ್ಕೆ ಇಡಿ, ಸೆಕೆಂಡಿಗೆ ಒಂದು ಟಿಕ್. ಆ ಎರಡು ಟಿಕ್ ಮಧ್ಯೆ ಎಷ್ಟು ಜಾಗ ಇದೆ ಅಂದ್ರೆ, ಎಲ್ಲಿ ಬೇಕಾದ್ರೂ ಎಡವ್ಬೋದು. ಆ ಜಾಗನ ತುಂಬೋಕೆ ಅಕ್ಷರ ಬೇಕು. ಒಂದು ಟಿಕ್ಕಿಗೆ ತಕಿಟ ಹೇಳಿದ್ರೆ ಮೂರು, ತಕಧಿಮಿ ಅಂದ್ರೆ ನಾಲ್ಕು, ತದಿಗಿಣತೊಂ ಅಂದ್ರೆ ಐದು. ಇಂಗ್ಲಿಷ್ ಪಾಠದಲ್ಲಿ ಐದರ ಈ ಲೆಕ್ಕಕ್ಕೆ ಕ್ವಿಂಟಪ್ಲೆಟ್ ಅಂತಾರೆ, ಮುಂದುವರಿದವರ ಪಾಠ ಅಂತ ಇಟ್ಟಿರ್ತಾರೆ, ನಮ್ಮಲ್ಲಿ ಖಂಡ ಗತಿ ಅಂತ ಮಕ್ಕಳೂ ಬಾಯಲ್ಲಿ ಹೇಳ್ತಾವೆ. ದಿನಾ ರಾತ್ರಿ ಅಡುಗೆಮನೆ ಕೆಲಸ ಮುಗಿಸಿ 60ಕ್ಕಿಟ್ಟು ಮೂರು, ನಾಲ್ಕು, ಐದು, ಮತ್ತೆ ನಾಲ್ಕು, ಮೂರು ಅಂತ ಹೋಗಿ ಬರೋದು, ಮೊದ್ಲು ಬರೀ ಬಾಯಿ, ಆಮೇಲೆ ಪ್ಯಾಡ್ ಮೇಲೆ. ಮೂರರಿಂದ ನಾಲ್ಕಕ್ಕೆ ದಾಟುವಾಗ ಅವಸರ ಆಗುತ್ತೆ, ಐದರಿಂದ ನಾಲ್ಕಕ್ಕೆ ಇಳಿಯುವಾಗ ಎಳೆಯುತ್ತೆ. ಒಂದಿನ ಟಿಕ್ಕು ಕೇಳಿಸ್ಲೇ ಇಲ್ಲ, ಆಪ್ ನಿಂತೋಯ್ತಾ ಅಂತ ನೋಡಿದ್ರೆ ನಡೀತಾನೇ ಇದೆ, ನನ್ನ ಏಟು ಅದರ ಮೇಲೇ ಸರಿಯಾಗಿ ಬಿದ್ದು ಅದನ್ನ ಮುಚ್ಚಿಬಿಟ್ಟಿತ್ತು. ಡ್ರಮ್ಮರ್‌ಗಳು ಇದಕ್ಕೆ ಕ್ಲಿಕ್ ಮಾಯ ಮಾಡೋದು ಅಂತಾರೆ. ಆ ಸಂತೋಷಾನ ನಾನು ಯಾವುದಕ್ಕೂ ಬದಲಿಸ್ಕೊಳ್ಳಲ್ಲ.

ಈ ನಮ್ಮ ಕೊನ್ನಕೋಲನ್ನ, ಅಂದ್ರೆ ಲಯದ ಅಕ್ಷರಗಳನ್ನ ಬಾಯಲ್ಲಿ ಹೇಳೋ ಕಲೇನ, ಡ್ರಮ್ಸಿಗೆ ತರೋದು ನಮ್ಮ ಸರ್ ಒಬ್ರದ್ದೇ ಐಡಿಯಾ ಅಲ್ಲ. ಬೆಂಗಳೂರಲ್ಲಿ ಮೃದಂಗ ವಿದ್ವಾನ್ ಟಿ.ಎ.ಎಸ್. ಮಣಿ ಅವರು 1964ರಲ್ಲಿ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಶುರು ಮಾಡಿದ್ರು, ಗಾಯಕಿ ಆರ್.ಎ. ರಮಾಮಣಿ ಅವರೂ ಸೇರಿ ಆ ತಂಡ ಯೂರೋಪಿಗೆಲ್ಲಾ ಹೋಗಿ ಚಾರ್ಲಿ ಮರಿಯಾನೊ ಥರದ ಜಾಝ್ ಸ್ಯಾಕ್ಸೊಫೋನ್ ವಾದಕರ ಜೊತೆ ನುಡಿಸಿ ರೆಕಾರ್ಡ್ ಮಾಡಿದ್ರು. ಹೊರದೇಶದ ಎಷ್ಟೋ ಡ್ರಮ್ಮರ್‌ಗಳು ಈಗ ಕಷ್ಟಪಟ್ಟು ತಕಿಟ ಕಲೀತಾರೆ. ನಮ್ಮ ಮಕ್ಕಳು ಡ್ರಮ್ಸ್ ಕ್ಲಾಸಿಗೆ ಹೋಗಿ ಬರೀ ಒನ್ ಟೂ ತ್ರೀ ಫೋರ್ ಎಣಿಸ್ಕೊಂಡು ಬರೋದನ್ನ ನೋಡಿದ್ರೆ ನಂಗೆ ಹೊಟ್ಟೆ ಉರಿಯುತ್ತೆ, ಮನೇಲಿರೋ ಆಸ್ತಿ ಅದು. ಏಳರ ಲೆಕ್ಕ ತಗೊಳ್ಳಿ, ಎಣಿಸಿದ್ರೆ ಏಳಕ್ಕೆ ಬಂದಾಗ ಮುಗ್ಗರಿಸ್ತೀವಿ. ತಕಿಟ ತಕಧಿಮಿ ಅಂತ ಹೇಳಿ, ಎರಡೂ "ತ"ಗೆ ಕಾಲು, "ಧಿ"ಗೆ ಸ್ನೇರ್, ಬಲಗೈ ಏಳಕ್ಕೂ. ಒಂದು ವಾರದಲ್ಲಿ ನಡ್ಕೊಂಡು ಹೋಗ್ತಾ ಇರ್ತೀರ.

ಕಿವಿನೂ ಬದಲಾಗುತ್ತೆ. ಗಣೇಶನ್ನ ಬಿಡೋಕೆ ಹೋಗುವಾಗ ತಮಟೆಯೋರು ಬಾರಿಸೋದು, ಕೇಳಿದ ತಕ್ಷಣ ಕಾಲು ತಾನೇ ಎದ್ದು ಕುಣಿಯುತ್ತಲ್ಲ, ಅದ್ರಲ್ಲಿ ಎಷ್ಟೋ ಸಲ ಒಳಗಡೆ ಓಡ್ತಿರೋದು ತಕಿಟ ತಕಿಟ. ಅದನ್ನ ಕಿಟ್ ಮೇಲೆ ತಂದ್ರೆ ಮೊದಲನೇ "ತ" ಕಾಲಿಗೆ, ಎರಡನೇ "ತ" ಸ್ನೇರಿಗೆ. ಸಾವಿರ ಸಲ ಕೇಳಿದ ಹಳೇ ಹಾಡು ಈಗ ಹಾಕಿದ್ರೆ ಬೇಸ್ ಗಿಟಾರೂ ಕಾಲಿನ ಡ್ರಮ್ಮೂ ಜೊತೆಜೊತೆಗೆ ಹೆಜ್ಜೆ ಇಡೋದು ಕೇಳಿಸುತ್ತೆ, ಅದು ಮುಂಚೆ ನಂಗೆ ಕೇಳಿಸ್ತಾನೇ ಇರ್ಲಿಲ್ಲ.

ಮೈಗೂ ಒಳ್ಳೇದು. ಬ್ಲಾಂಡಿ ಬ್ಯಾಂಡಿನ ಡ್ರಮ್ಮರ್ ಆಗಿದ್ದ ಕ್ಲೆಮ್ ಬರ್ಕ್ ಅವರು ನುಡಿಸುವಾಗ ಬ್ರಿಟನ್ನಿನ ಸಂಶೋಧಕರು ಎದೆಬಡಿತ ಅಳೆದಿದ್ರು, ನಿಮಿಷಕ್ಕೆ ಸರಾಸರಿ 140-150, ಒಮ್ಮೊಮ್ಮೆ 190ರ ತನಕ ಹೋಗಿತ್ತು. ನಾನು ಅಷ್ಟು ಜೋರಾಗಿ ನುಡಿಸಲ್ಲ, ಆದ್ರೂ ಒಂದು ಗಂಟೆ ಕಿಟ್ ಮೇಲೆ ಕೂತ್ರೆ ಬೆನ್ನೆಲ್ಲಾ ಒದ್ದೆ. ಆಕ್ಸ್‌ಫರ್ಡಿನ ರಾಬಿನ್ ಡನ್‌ಬಾರ್ ತಂಡದೋರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಡ್ರಮ್ ಬಾರಿಸಿದೋರು, ಹಾಡಿದೋರು, ಕುಣಿದೋರಿಗೆ ನೋವು ತಡ್ಕೊಳ್ಳೋ ಶಕ್ತಿ ಏರಿದ್ದು ಕಂಡಿತ್ತು, ಸುಮ್ನೆ ಕೂತು ಸಂಗೀತ ಕೇಳ್ದೋರಿಗೆ ಹಾಗಾಗಿರ್ಲಿಲ್ಲ. ಇದು ನಂಗೆ ಪೂರ್ತಿ ಒಪ್ಪಿಗೆ. ದಿನವಿಡೀ ಕಂಪ್ಯೂಟರ್ ಮುಂದೆ ಕೂತು ಭುಜ ಹಿಡ್ಕೊಂಡಿದ್ರೂ ಬಾರಿಸಿ ಎದ್ಮೇಲೆ ಹಗುರ. ತಲೇಗೂ ಹಾಗೇ, ಏಳರ ಲೆಕ್ಕದಲ್ಲಿರುವಾಗ ಆಫೀಸ್ ನೆನಪಾದ್ರೆ ಅಲ್ಲೇ ತಾಳ ತಪ್ಪುತ್ತೆ, ಹಾಗಾಗಿ ನೆನಪಾಗೋಕೆ ಅವಕಾಶನೇ ಇರಲ್ಲ.

ಗಲಾಟೆ ವಿಷಯ ನಿಜ, ಅದನ್ನ ಮುಚ್ಚಿಡಲ್ಲ. ಅಸಲಿ ಕಿಟ್ಟನ್ನ ಅಪಾರ್ಟ್‌ಮೆಂಟಲ್ಲಿ ಇಟ್ಕೊಳ್ಳೋದು ನ್ಯಾಯ ಅಲ್ಲ. ನಾನು ವಾರಕ್ಕೊಂದು ಸಲ ಸರ್ ಮನೇಲಿ ಅಸಲಿ ಕಿಟ್, ಮಿಕ್ಕ ದಿನ ಪ್ಯಾಡ್, ಆಮೇಲೆ ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಾನಿಕ್ ಕಿಟ್ ತಗೊಂಡೆ, ಜಾಲರಿ ಹೊದಿಕೆಯದ್ದು, ಹೆಡ್‌ಫೋನಲ್ಲಿ ಕೇಳಿಸ್ಕೊಳ್ಬೋದು. ಗಾಳೀಲಿ ಸದ್ದು ಹೋಗಲ್ಲ, ಆದ್ರೆ ಪೆಡಲ್ ತುಳಿದಾಗ ಆ ದಬ್ ದಬ್ ನೆಲದ ಮೂಲಕ ಕೆಳಗಿನ ಮನೆಗೆ ಹೋಗುತ್ತೆ. ಅದಕ್ಕೆ ಎರಡು ಪ್ಲೈವುಡ್ ಹಲಗೆ ಮಧ್ಯೆ ಟೆನಿಸ್ ಬಾಲ್‌ಗಳನ್ನ ಕೂರಿಸಿ ಒಂದು ಜಗಲಿ ಥರ ಮಾಡ್ಕೊಂಡು ಅದರ ಮೇಲೆ ಕಿಟ್ ಇಟ್ಟೆ, ಬಡಗಿಗೆ ಹೇಳಿದ್ರೆ ಅರ್ಧ ದಿನದ ಕೆಲಸ. ಕೆಳಗಿನ ಮನೆ ಅಜ್ಜಿನ ಕೇಳಿದೆ, "ಈಗೇನೂ ಗೊತ್ತಾಗಲ್ಲಮ್ಮ, ನೀನು ಬಾರಿಸ್ಕೋ" ಅಂದ್ರು. ಮತ್ತೆ ಕಿವಿ. ಅಸಲಿ ಕಿಟ್ ಸದ್ದು 100 ಡೆಸಿಬಲ್ ದಾಟುತ್ತೆ, 85 ಡೆಸಿಬಲ್‌ನಲ್ಲಿ ಎಂಟು ಗಂಟೆ ಇರ್ಬೋದು ಅಂತ ಲೆಕ್ಕ ಇದ್ರೆ 100ರಲ್ಲಿ 15 ನಿಮಿಷ ಅಷ್ಟೇ. ಇಯರ್‌ಪ್ಲಗ್ ಇಲ್ದೆ ಕೂರ್ಬೇಡಿ, ಮಕ್ಕಳನ್ನಂತೂ ಕೂರಿಸ್ಲೇಬೇಡಿ.

ಹೋದ ಗಣೇಶನ ಹಬ್ಬಕ್ಕೆ ನಮ್ಮ ಬೀದಿ ಕಾರ್ಯಕ್ರಮದಲ್ಲಿ ಸರ್ ನನ್ನ ಒಂದೆರಡು ಹಾಡಿಗೆ ಕೂರಿಸಿದ್ರು. ಒಬ್ಬಳೇ ಪ್ಯಾಡ್ ಮೇಲೆ ಬಾರಿಸೋದೇ ಬೇರೆ, ಕೀಬೋರ್ಡು, ಬೇಸ್ ಗಿಟಾರು, ಹಾಡೋ ಹುಡುಗ ಎಲ್ರೂ ನನ್ನ ಕಾಲಿನ ಮೇಲೆ ನಿಂತಿರೋದೇ ಬೇರೆ. ಚರಣ ಮುಗಿದು ಪಲ್ಲವಿಗೆ ಬರುವಾಗ ಒಂದು ಸಣ್ಣ ಫಿಲ್ (ಬೀಟ್ ಬಿಟ್ಟು ನಡುವೆ ತುಂಬೋ ಏಟುಗಳು) ಹಾಕಿ ತಾಳದ ಒಂದನೇ ಏಟಿಗೆ ಬಂದು ಇಳಿದೆ, ಬೇಸ್ ಗಿಟಾರಿನವರು ತಿರುಗಿ ನೋಡಿ ತಲೆ ಆಡಿಸಿದ್ರು. ಬೇರೆಯವರ ಕಾಲವನ್ನ ನಾನು ಹಿಡಿದಿದ್ದೀನಿ, ಅವರು ನಂಬಿ ಬಿಟ್ಟಿದಾರೆ ಅನ್ನೋದು ಎಷ್ಟು ದೊಡ್ಡ ವಿಷಯ ಅಂತ ನಂಗೆ ಅವತ್ತೇ ಗೊತ್ತಾಗಿದ್ದು. ನನ್ನ ಮಗಳು ಮುಂದ್ಗಡೆ ನಿಂತು ಕೂಗಿದ್ದು ಕೂಗಿದ್ದೇ.

ಶುರು ಮಾಡ್ಬೇಕು ಅನ್ನೋರಿಗೆ, ಕಿಟ್ ತಗೊಳ್ಬೇಡಿ ಈಗ್ಲೇ. ಪ್ಯಾಡು, ಸ್ಟಿಕ್ಕು ಸಾಕು, ಕೈ ಸಣ್ಣದಿದ್ರೆ 5ಎ ಬದಲು ಸ್ವಲ್ಪ ತೆಳುವಾದ 7ಎ ನೋಡಿ. ಮೇಷ್ಟ್ರನ್ನ ಹುಡುಕುವಾಗ ಒಂದೇ ಪ್ರಶ್ನೆ ಕೇಳಿ, "ಸರ್, ಈ ಬೀಟ್ ಬಾಯಲ್ಲಿ ಹೇಳಿ ತೋರಿಸ್ತೀರಾ?" ಅಂತ. ಹೇಳಿ ತೋರಿಸಿದ್ರೆ ಅವರ ಹತ್ರ ಸೇರ್ಕೊಳ್ಳಿ. ಅಲ್ಲೀವರೆಗೂ ಬಸ್ಸಲ್ಲಿ, ನಡೆಯುವಾಗ ತಕಧಿಮಿ ತಕಜೊಣು ಹೇಳ್ಕೊಂಡು, ಎರಡು "ತ"ಗೂ ಬಲಗಾಲಿನ ಹೆಬ್ಬೆರಳು ಒತ್ತುತ್ತಾ ಇರಿ. ಅದಕ್ಕೆ ದುಡ್ಡೂ ಬೇಡ, ರೂಮೂ ಬೇಡ.