ಬೇಸ್ ಗಿಟಾರ್‌ಗೆ ಫ್ಲಾಟ್‌ವೌಂಡ್ ತಂತಿ: ಬ್ರಿಡ್ಜ್ ಕಡೆ ಭದ್ರ ಮಾಡ್ಕೊಳೋದು ಹೇಗೆ, ನನ್ನ ಅನುಭವ

ಫ್ಲಾಟ್‌ವೌಂಡ್ ಹಾಕಿದ್ಮೇಲೆ ಶ್ರುತಿ ನಿಲ್ತಿಲ್ಲ ಅನ್ನೋರೆಲ್ಲ ಮೊದ್ಲು ಕೈ ಹಾಕೋದು ತಂತಿ ಬಿಗಿ ಮಾಡೋ ಟ್ಯೂನರ್‌ಗೆ. ಮೈಸೂರಲ್ಲಿ ನಮ್ಮ ಸುಗಮ ಸಂಗೀತದ ತಂಡದ ಬೇಸ್, ಜೊತೆಗೆ ಗೆಳೆಯರು ತಂದುಕೊಡೋ ಆರ್ಕೆಸ್ಟ್ರಾ ಬೇಸ್‌ಗಳು ಅಂತ ತುಂಬಾ ವರ್ಷದಿಂದ ತಂತಿ ಕಟ್ಟಿಕೊಂಡು ಬಂದಿದೀನಿ, ಬಹುಪಾಲು ತೊಂದ್ರೆ ಸಿಕ್ಕಿರೋದು ಬ್ರಿಡ್ಜ್ ತುದೀಲಿ, ಅಂದ್ರೆ ಬಾಡಿ ಮೇಲೆ ತಂತಿಗಳನ್ನ ಹಿಡಿದಿಡೋ ಲೋಹದ ಭಾಗದಲ್ಲಿ. ತಂತಿ ತುದಿಯ ಲೋಹದ ಗುಂಡು, ಅಂದ್ರೆ ಬಾಲ್, ಸರಿಯಾಗಿ ಕೂತಿರಲ್ಲ, ಇಲ್ಲ ಅದರ ಪಕ್ಕದ ದಾರದ ಸುತ್ತು ಬ್ರಿಡ್ಜ್‌ನಲ್ಲಿ ತಂತಿ ಒರಗೋ ಸ್ಯಾಡಲ್ ಮೇಲೆ ಬಂದಿರತ್ತೆ, ಇಲ್ಲ ಸ್ಯಾಡಲ್ಲೇ ಅಲ್ಲಾಡ್ತಿರತ್ತೆ. ಆ ಕಡೆ ಭದ್ರ ಆಗೋವರೆಗೂ ಟ್ಯೂನರ್ ಎಷ್ಟು ತಿರುಗಿಸಿದ್ರೂ ಪ್ರಯೋಜನ ಇಲ್ಲ.

ಫ್ಲಾಟ್‌ವೌಂಡ್ ಯಾಕೆ ಬೇಕು ಅಂತ ಕೇಳೋರಿಗೆ ಒಂದೆರಡು ಮಾತು. ಒಳಗೆ ಸ್ಟೀಲ್ ತಂತಿ, ಮೇಲೆ ದುಂಡಗಿರೋ ತಂತಿ ಬದ್ಲು ಚಪ್ಪಟೆ ಪಟ್ಟಿ ಸುತ್ತಿರ್ತಾರೆ, ಹಾಗಾಗಿ ಮೇಲ್ಮೈ ನುಣ್ಣಗಿರತ್ತೆ, ಬೆರಳು ಜಾರಿಸ್ದಾಗ ಕೀಚ್ ಅನ್ನೋ ಸದ್ದು ಬರಲ್ಲ, ಸ್ವರ ದಪ್ಪಗೆ ಗುಂಡಗೆ ಕೇಳತ್ತೆ. ಭಾವಗೀತೆಗೆ ತಬಲಾ, ಹಾರ್ಮೋನಿಯಂ ಜೊತೆ ಕೂತಾಗ ರೌಂಡ್‌ವೌಂಡ್‌ನ ಲೋಹದ ಸದ್ದು ಹಾಡೋರ ದನಿ ಮೇಲೆ ಬಂದು ಕೂರತ್ತೆ, ಫ್ಲಾಟ್‌ವೌಂಡ್ ಕೆಳಗೇ ಉಳಿದು ಹಾಡನ್ನ ಹೊತ್ಕೊಳತ್ತೆ. ಅಮೆರಿಕದ ಮೋಟೌನ್ ಕಂಪನಿಯ ರೆಕಾರ್ಡುಗಳಲ್ಲಿ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್ ತನ್ನ 1962ರ ಫೆಂಡರ್ ಪ್ರಿಸಿಷನ್‌ಗೆ ಹಾಕ್ತಿದ್ದಿದ್ದು ಲಾ ಬೆಲ್ಲಾ ಕಂಪನಿಯ ಫ್ಲಾಟ್‌ವೌಂಡ್, .052ರಿಂದ .110 ಇಂಚಿನವರೆಗಿನ ದಪ್ಪ ಸೆಟ್ಟು. ಮೆತ್ತನೆ ಹಾಡಿಗೆ ಮಾತ್ರ ಸರಿ ಅಂದ್ಕೋಬೇಡಿ, ಹೆವಿ ಮೆಟಲ್ ತಂಡ ಐರನ್ ಮೇಡನ್‌ನ ಸ್ಟೀವ್ ಹ್ಯಾರಿಸ್ ಕೂಡ ರೋಟೋಸೌಂಡ್ ಫ್ಲಾಟ್‌ವೌಂಡ್ ಹಾಕೇ ನುಡಿಸೋದು.

ಈಗ ಕೆಲಸಕ್ಕೆ ಬರೋಣ. ಸೆಟ್ಟು ತರಿಸೋ ಮುಂಚೆ ದರ್ಜಿ ಟೇಪ್ ತಗೊಂಡು ಬ್ರಿಡ್ಜ್‌ನಲ್ಲಿ ಬಾಲ್ ಕೂರೋ ಜಾಗದಿಂದ ನೆಕ್ ತುದೀಲಿ ತಂತಿ ಒರಗೋ ಪಟ್ಟಿ, ಅಂದ್ರೆ ನಟ್‌ವರೆಗೆ ಅಳೀರಿ. ಮಾಮೂಲಿ ಬೇಸ್‌ನ ಸ್ಕೇಲ್ 34 ಇಂಚು, ಆದ್ರೆ ಅದು ಸ್ಯಾಡಲ್‌ನಿಂದ ನಟ್‌ಗೆ, ಸ್ಯಾಡಲ್ ಹಿಂದಿನ ಭಾಗ ಅದರ ಮೇಲೆ ಸೇರತ್ತೆ, ಅದು ಒಂದೊಂದು ಬ್ರಿಡ್ಜ್‌ಗೆ ಒಂದೊಂದು ಥರ. ಪೂರ್ತಿ ದಪ್ಪದ ಚಪ್ಪಟೆ ಸುತ್ತು ನಟ್ ದಾಟಿ ಸ್ವಲ್ಪದರಲ್ಲೇ ಮುಗೀಬೇಕು, ಅದು ಟ್ಯೂನರ್ ಕಂಬಕ್ಕೆ ಸುತ್ತಿಕೊಂಡ್ರೆ ಪಟ್ಟಿ ಬಾಯಿಬಿಡತ್ತೆ. ಇಂಥ ಸೆಟ್ಟು ಇಲ್ಲಿ ಅಂಗಡೀಲಿ ಸುಲಭಕ್ಕೆ ಸಿಗಲ್ಲ, ಬೆಂಗಳೂರಿಂದನೋ ಆನ್‌ಲೈನಲ್ಲೋ ತರಿಸ್ಬೇಕು, ರೌಂಡ್‌ವೌಂಡ್‌ಗಿಂತ ದುಬಾರಿ ಬೇರೆ, ಅದಕ್ಕೇ ಅಳತೆ ಮೊದ್ಲು.

ಹಳೇ ತಂತಿ ಒಂದೊಂದಾಗಿ ತೆಗೀತೀನಿ, ನಾಲ್ಕನ್ನೂ ಒಟ್ಟಿಗೆ ಬಿಚ್ಚಲ್ಲ, ನೆಕ್ ಮೇಲಿನ ಎಳೆತ ಒಮ್ಮೆಗೇ ಹೋಗ್ಬಾರದು ಅಂತ. ಹೊಸ ತಂತೀನ ಬ್ರಿಡ್ಜ್ ಹಿಂದಿನ ತೂತಿಂದ ತೂರಿಸಿ ಬಾಲ್ ಪ್ಲೇಟಿಗೆ ಟಕ್ ಅಂತ ತಾಗೋವರೆಗೂ ಎಳೀತೀನಿ, ಆಮೇಲೆ ಟಾರ್ಚ್ ಹಾಕಿ ಹಿಂದಿನಿಂದ ನೋಡ್ತೀನಿ. ಬಾಲ್ ಓರೆ ಕೂತಿದ್ರೆ ಈಗೇನೂ ಗೊತ್ತಾಗಲ್ಲ, ಕಾರ್ಯಕ್ರಮದ ಮಧ್ಯೆ ಅದು ಜಾರಿ ನೆಟ್ಟಗಾಗತ್ತೆ, ಅಷ್ಟಕ್ಕೇ ಎಲ್ಲಕ್ಕಿಂತ ದಪ್ಪದ ಇ ತಂತಿಯ ಶ್ರುತಿ ಇಳಿದುಹೋಗತ್ತೆ. ತಂತೀನ ಮೇಲಿಂದ ಇಳಿಸೋ ಸೀಳು ಇರೋ ಬ್ರಿಡ್ಜ್ ಆದ್ರೆ ಇನ್ನೂ ಹುಷಾರು, ಬಾಲ್ ಪಕ್ಕ ಸುತ್ತಿರೋ ದಾರದಿಂದ ತಂತಿ ದಪ್ಪ ಆಗಿ ಸೀಳಿನ ತಳಕ್ಕೆ ಇಳಿಯೋದೇ ಇಲ್ಲ, ಅರ್ಧದಲ್ಲಿ ನಿಂತಿರತ್ತೆ, ತಂತಿ ಸ್ವಲ್ಪ ಸಡಿಲ ಆದ ತಕ್ಷಣ ಬಾಲ್ ಮೇಲಕ್ಕೆ ಎಗರತ್ತೆ. ಅಂಥ ಬ್ರಿಡ್ಜ್‌ನಲ್ಲಿ ಹೆಬ್ಬೆರಳಿಂದ ಬಾಲ್ ಒತ್ತಿ ಹಿಡ್ಕೊಂಡೇ ಟ್ಯೂನರ್ ಸುತ್ತೋದು, ಬಿಗಿ ಬಂದ ಮೇಲೇ ಬೆರಳು ತೆಗೆಯೋದು.

ಎಲ್ಲಕ್ಕಿಂತ ಹೆಚ್ಚು ಗಮನ ಕೊಡೋದು ಆ ದಾರದ ಸುತ್ತಿಗೆ. ಬಾಲ್ ಪಕ್ಕ ತಂತಿ ತನ್ನ ಮೇಲೇ ಹುರಿಹೊಸೆದು ಗಂಟಿನ ಥರ ದಪ್ಪ ಇರತ್ತೆ, ಕೆಲವು ಕಂಪನಿಯವ್ರು ಅದರ ಮೇಲೆ ಬಣ್ಣದ ದಾರಾನೂ ಸುತ್ತಿರ್ತಾರೆ. ಇದೆಲ್ಲ ಸ್ಯಾಡಲ್ ಹಿಂದೆನೇ ಮುಗೀಬೇಕು. ಸ್ಯಾಡಲ್ ಮೇಲೆ ಬಂತು ಅಂದ್ರೆ ಸ್ವರ ಸತ್ತಂಗೆ ಕೇಳತ್ತೆ, ನೆಕ್ ಮೇಲೆ ಅಡ್ಡಕ್ಕಿರೋ ಲೋಹದ ಪಟ್ಟಿಗಳಲ್ಲಿ, ಅಂದ್ರೆ ಮೇಲಿನ ಫ್ರೆಟ್‌ಗಳಲ್ಲಿ ಶ್ರುತಿ ತಾಳೆ ಆಗಲ್ಲ. ಹೆಚ್ಚಾಗಿ ಈ ಪೇಚು ಇ ತಂತೀದೇ, ಯಾಕಂದ್ರೆ ಪ್ರತಿ ಫ್ರೆಟ್ಟಲ್ಲೂ ಶ್ರುತಿ ಸರಿ ಬರೋದಕ್ಕೆ, ಅಂದ್ರೆ ಇಂಟೋನೇಷನ್‌ಗೋಸ್ಕರ ಅದರ ಸ್ಯಾಡಲ್ ಎಲ್ಲದಕ್ಕಿಂತ ಹಿಂದೆ ಸರಿದಿರತ್ತೆ, ಪ್ಲೇಟಿಗೂ ಸ್ಯಾಡಲ್‌ಗೂ ಮಧ್ಯೆ ಜಾಗ ಕಮ್ಮಿ. ನಾನು ಮಾಡೋದು ಇಷ್ಟು: ಶಿವರಾಂಪೇಟೆ ಕಡೆ ಹಾರ್ಡ್‌ವೇರ್ ಅಂಗಡೀಲಿ ಎಂ4 ಅಳತೆಯ ಹಿತ್ತಾಳೆ ವಾಷರ್ ತಂದಿಟ್ಕೊಂಡಿದೀನಿ, ತೂತು 4 ಮಿಲಿಮೀಟರ್‌ಗಿಂತ ಒಂಚೂರು ದೊಡ್ಡದು, ತಂತಿ ಸಲೀಸಾಗಿ ತೂರತ್ತೆ ಆದ್ರೆ ಬಾಲ್ ತೂರಲ್ಲ. ಬಾಲ್‌ಗೂ ಪ್ಲೇಟಿಗೂ ಮಧ್ಯೆ ಒಂದೋ ಎರಡೋ ವಾಷರ್ ಹಾಕಿದ್ರೆ ತಂತಿ ಅಷ್ಟು ಹಿಂದಕ್ಕೆ ಬರತ್ತೆ, ದಾರ ಸ್ಯಾಡಲ್‌ನಿಂದ ಇಳಿಯತ್ತೆ. ಸಿಕ್ಕಾಪಟ್ಟೆ ಹಾಕೋಕೆ ಹೋಗ್ಬೇಡಿ, ಮೂರಕ್ಕಿಂತ ಜಾಸ್ತಿ ಬೇಕಾಯ್ತು ಅಂದ್ರೆ ಆ ಸೆಟ್ಟೇ ಆ ಬ್ರಿಡ್ಜ್‌ಗೆ ಹೊಂದಲ್ಲ.

ಮಂಡ್ಯದಿಂದ ಒಬ್ಬ ಹುಡುಗ, ಗಣೇಶನ ಹಬ್ಬದ ಆರ್ಕೆಸ್ಟ್ರಾಗಳಲ್ಲಿ ನುಡಿಸೋನು, ಬೇಸ್ ತಗೊಂಡು ಬಂದಿದ್ದ. "ಅಣ್ಣ, ಹೊಸಾ ತಂತಿ, ಸ್ಯಾಡಲ್ ತವ ಬಿರುಕು ಬುಟ್ಟದೆ ಕಣಣ್ಣ, ಮಾಲೇ ಸರಿಯಿಲ್ವೇನೋ" ಅಂದ. ನೋಡಿದ್ರೆ ತಂತಿ ಬಾಡಿ ಹಿಂದಿನಿಂದ ತೂರಿ ಮೇಲೆ ಬರೋ ಥರದ್ದು. ಬಾಡಿ ನಾಲ್ಕೂವರೆ ಸೆಂಟಿಮೀಟರ್ ಹತ್ರ ದಪ್ಪ, ತಂತಿ ಅಲ್ಲಿಂದ ನೇರ ಮೇಲೆದ್ದು ಸ್ಯಾಡಲ್ ಮೇಲೆ ಚೂಪಾಗಿ ಮಡಚಿಕೊಳತ್ತೆ. ದುಂಡು ಸುತ್ತಿನ ತಂತಿ ಅದನ್ನ ತಡ್ಕೊಳತ್ತೆ, ಚಪ್ಪಟೆ ಪಟ್ಟಿ ಅಲ್ಲಿ ಬಾಯಿ ತೆಗೆಯತ್ತೆ, ಒಳಗಿನ ತಂತಿ ಕಾಣತ್ತೆ. "ಮಾಲು ಚೆನ್ನಾಗೇ ಇದೆ ಮಗ, ದಾರಿ ಬದಲಾಯಿಸೋಣ" ಅಂದೆ. ಅವನ ಪುಣ್ಯಕ್ಕೆ ಆ ಬ್ರಿಡ್ಜ್‌ನಲ್ಲಿ ಹಿಂದಿನ ಪ್ಲೇಟಿಂದ ತೂರಿಸೋ ತೂತುಗಳೂ ಇದ್ವು, ಮಿಕ್ಕ ಮೂರು ತಂತೀನೂ ಅಲ್ಲಿಂದಲೇ ಹಾಕ್ಸಿದೆ, ಬಿರುಕು ಬಿಟ್ಟ ಇ ಮಾತ್ರ ಬಿಡಿ ತರಿಸ್ಕೊಂಡ. ಎರಡೂ ದಾರಿ ಇರೋ ಬ್ರಿಡ್ಜ್ ಆದ್ರೆ ಫ್ಲಾಟ್‌ವೌಂಡ್‌ಗೆ ಯಾವಾಗ್ಲೂ ಹಿಂದಿನ ಪ್ಲೇಟೇ ಅಂತ ನಾನು ಖಡಾಖಂಡಿತವಾಗಿ ಹೇಳ್ತೀನಿ. ಬಾಡಿಯಿಂದ ತೂರಿಸಿದ್ರೆ ಸಸ್ಟೇನ್, ಅಂದ್ರೆ ಸ್ವರ ನಿಲ್ಲೋ ಹೊತ್ತು, ಜಾಸ್ತಿ ಅಂತ ವಾದ ಮಾಡೋರಿದಾರೆ, ನನ್ನ ಕಿವಿಗೆ ಆ ವ್ಯತ್ಯಾಸ ಕೇಳಿಲ್ಲ, ಬಿರುಕು ಮಾತ್ರ ಕಣ್ಣಿಗೆ ಕಂಡಿದೆ.

ಬಾಲ್ ಕೂತ್ಮೇಲೆ ಇನ್ನೊಂದು ತುದೀನ ಟ್ಯೂನರ್‌ಗೆ ಹಾಕೋ ಮುಂಚೆ ತಂತೀನ ಸಡಿಲ ಬಿಟ್ಟು ತಾನೇ ತಿರುಗಿ ನೆಟ್ಟಗಾಗೋಕೆ ಬಿಡ್ತೀನಿ, ತಿರುಚಿದ ತಂತಿ ಎಷ್ಟು ಮಾಡಿದ್ರೂ ಶ್ರುತಿಗೆ ಕೂರಲ್ಲ. ತನ್ನ ಟ್ಯೂನರ್ ದಾಟಿ 10-12 ಸೆಂಟಿಮೀಟರ್ ಬಿಟ್ಟು, ಕತ್ತರಿಸೋ ಜಾಗದಲ್ಲಿ ಇಕ್ಕಳದಿಂದ ಮೊದ್ಲು ಲಂಬಕ್ಕೆ ಮಡಚಿ, ಮಡಿಕೆಯಿಂದ ಆಚೆ ಕತ್ತರಿಸ್ಬೇಕು. ಮಡಚದೇ ಕತ್ತರಿಸಿದ್ರೆ ಸುತ್ತು ಒಳಗಿನ ತಂತಿ ಮೇಲೆ ಸಡಿಲ ಆಗಿ ಇಡೀ ತಂತಿ ಹಾಳಾಗೋ ಸಾಧ್ಯತೆ ಇದೆ. ತುದಿ ಕಂಬದ ನಡುವಿನ ತೂತಿಗೆ, ಎರಡು ಮೂರು ಸುತ್ತು ಕೆಳಮುಖವಾಗಿ, ಅಷ್ಟೇ.

ಬಿಗಿ ಬಂದ್ಮೇಲೆ ಮತ್ತೆ ಬ್ರಿಡ್ಜ್‌ಗೆ ವಾಪಸ್. ಫ್ಲಾಟ್‌ವೌಂಡ್ ಗಡುಸು, ಸ್ಯಾಡಲ್ ಮೇಲೆ ಸರಿಯಾಗಿ ಮಡಿದು ಕೂರೋ ಬದ್ಲು ಕಮಾನಿನ ಥರ ಬಾಗಿರತ್ತೆ, ಆ ಕಮಾನು ಇರೋವರೆಗೂ ಸಣ್ಣ ಜುಂಯ್ ಅನ್ನೋ ಸದ್ದು ಬರ್ತಾನೇ ಇರತ್ತೆ. ಸ್ಯಾಡಲ್‌ನ ಮುಂದೆ ಹೆಬ್ಬೆರಳಿಟ್ಟು ಮೆಲ್ಲಗೆ ಒತ್ತಿ, ಹಿಂದೆನೂ ಅಷ್ಟೇ, ಇಕ್ಕಳ ಸ್ಕ್ರೂಡ್ರೈವರ್ ಏನೂ ಬೇಡ. ಹಳೇ ಥರದ ಉರುಳೆ ಸ್ಯಾಡಲ್‌ನಲ್ಲಿ ಸಣ್ಣ ಸಣ್ಣ ಗೆರೆ ತುಂಬ ಇರತ್ತೆ, ದಪ್ಪ ತಂತಿ ಆ ಗೆರೆಗಳ ಮೇಲೇ ನಿಂತು ಜೋರಾಗಿ ನುಡಿಸಿದಾಗ ಪಕ್ಕಕ್ಕೆ ಜಾರತ್ತೆ, ಅದನ್ನ ತಂತಿ ಸದ್ದು ಹಿಡಿಯೋ ಪಿಕಪ್‌ನ ಅಯಸ್ಕಾಂತಕ್ಕೆ ನೇರ ಬರೋ ಜಾಗದಲ್ಲಿ ಇಟ್ಟು ಅಲ್ಲೇ ಒತ್ತಿ ಕೂರಿಸ್ಬೇಕು. ಸ್ಯಾಡಲ್ ಎತ್ತರ ಸರಿಮಾಡೋ ಎರಡು ಚಿಕ್ಕ ಸ್ಕ್ರೂಗಳೂ ಪ್ಲೇಟಿಗೆ ಸಮ ತಾಗಿವೆಯಾ ನೋಡಿ, ಒಂದು ಗಾಳೀಲಿದ್ರೆ ಅದೇ ಗಲಗಲ ಅನ್ನತ್ತೆ. ಪದೇ ಪದೇ ಸಡಿಲ ಆಗೋ ಸ್ಕ್ರೂಗೆ ಮನೇಲಿರೋ ನೇಲ್ ಪಾಲಿಶ್ ಒಂದು ಹನಿ ಬಿಟ್ರೆ ಸಾಕು, ಬೇಕಾದಾಗ ಅಲೆನ್ ಕೀ ಹಾಕಿ ತಿರುಗಿಸಿದ್ರೆ ಬಿಟ್ಕೊಳತ್ತೆ.

ಹಳೇ ಬೇಸ್ ಆದ್ರೆ ಬ್ರಿಡ್ಜ್ ಪ್ಲೇಟನ್ನ ಮರಕ್ಕೆ ಹಿಡಿದಿರೋ ಸ್ಕ್ರೂಗಳನ್ನೂ ಒಮ್ಮೆ ಮುಟ್ಟಿ ನೋಡಿ, ಅಷ್ಟೇ ದಪ್ಪದ ರೌಂಡ್‌ವೌಂಡ್‌ಗಿಂತ ಫ್ಲಾಟ್‌ವೌಂಡ್ ಎಳೆತ ಸಾಮಾನ್ಯವಾಗಿ ಜಾಸ್ತಿ. ಯಾವ್ದಾದ್ರೂ ಸ್ಕ್ರೂ ಬರೀ ಸುತ್ತುತ್ತಾ ಇದ್ರೆ ತೂತಿಗೆ ಮರದ ಅಂಟು ಹಚ್ಚಿದ ಬಿದಿರು ಕಡ್ಡಿ ತುಂಬಿ, ರಾತ್ರಿ ಪೂರ್ತಿ ಒಣಗಿಸಿ, ಮತ್ತೆ ಹಾಕಿ. ಎಳೆತ ತೀರ ಕಮ್ಮಿ ಬೇಕು ಅನ್ನೋರಿಗೆ ಥಾಮಸ್ಟಿಕ್‌ನ .043ರಿಂದ .100 ಇಂಚಿನ ಸೆಟ್ಟು ಇದೆ, ಮೆತ್ತಗೆ ಇರತ್ತೆ, ಬೆಲೆ ಮಾತ್ರ ಮೆತ್ತಗಿಲ್ಲ.

ಆ ಹೆಚ್ಚಿನ ಎಳೆತಕ್ಕೆ ನೆಕ್ ಮುಂದಕ್ಕೆ ಬಾಗತ್ತೆ. ಒಂದನೇ ಫ್ರೆಟ್ಟು, ಕೊನೇ ಫ್ರೆಟ್ಟು ಎರಡೂ ಒತ್ತಿ ಹಿಡಿದು ಏಳನೇ ಎಂಟನೇ ಫ್ರೆಟ್ ಹತ್ರ ನೋಡ್ತೀನಿ, 0.3 ಮಿಲಿಮೀಟರ್ ಸುಮಾರು, ಅಂದ್ರೆ ವಿಸಿಟಿಂಗ್ ಕಾರ್ಡ್ ತೂರೋಷ್ಟು ಸಂದು ಇದ್ರೆ ಸಾಕು, ಜಾಸ್ತಿ ಇದ್ರೆ ನೆಕ್ ಒಳಗಿರೋ ಟ್ರಸ್ ರಾಡ್ ಅನ್ನೋ ಸಲಾಕೇನ ಕಾಲು ಸುತ್ತು ಬಿಗಿ ಮಾಡಿ ಮಾರನೇ ದಿನದವರೆಗೆ ಬಿಡ್ತೀನಿ. ಇಂಟೋನೇಷನ್ ನೋಡೋದು ಅದಾದ ಮೇಲೆ, ಹನ್ನೆರಡನೇ ಫ್ರೆಟ್‌ನ ಹಾರ್ಮೋನಿಕ್ಕೂ (ತಂತೀನ ಒತ್ತದೆ ಬರೀ ಮುಟ್ಟಿ ಮೀಟಿದ ಸ್ವರ) ಅಲ್ಲೇ ಒತ್ತಿದ ಸ್ವರಾನೂ ಒಂದೇ ಬರಬೇಕು, ಒತ್ತಿದ್ದು ಏರಿದ್ರೆ ಸ್ಯಾಡಲ್ ಹಿಂದಕ್ಕೆ, ಇಳಿದ್ರೆ ಮುಂದಕ್ಕೆ. ಸ್ಯಾಡಲ್ ಸರಿಸೋವಾಗೆಲ್ಲ ಮೊದ್ಲು ತಂತಿ ಸಡಿಲ ಮಾಡ್ಕೊಳಿ, ಬಿಗಿ ಇರೋವಾಗ ತಳ್ಳಿದ್ರೆ ಪಟ್ಟಿ ಉಜ್ಜಿಹೋಗತ್ತೆ. ಹಿಂದಕ್ಕೆ ಸರಿಸಿದ್ರೆ ಆ ದಾರದ ಸುತ್ತು ಮತ್ತೆ ಸ್ಯಾಡಲ್ ಹತ್ತಿದ್ಯಾ ಅಂತ ಇನ್ನೊಂದ್ಸಲ ಟಾರ್ಚ್ ಹಾಕಿ ನೋಡಿ, ಹತ್ತಿದ್ರೆ ಇನ್ನೊಂದು ವಾಷರ್ ಹಾಕಿ.